ಮನೆ ಎಲ್ಲಿದ್ದರೂ ಟ್ರೈಔಟ್‌ಗೆ ಹೋಗಬಹುದಾದರೆ: ಹೊರಡುವ ಮೊದಲು ಕೇಳಿಕೊಳ್ಳಬೇಕಾದ್ದು

ಪ್ರಶ್ನೆ: ನಾವು ಕೆನಡಾದ ಬ್ರಾಂಪ್ಟನ್‌ನಲ್ಲಿದ್ದೇವೆ. ಮಗ 2015ರಲ್ಲಿ ಹುಟ್ಟಿದವನು, ಇಲ್ಲಿನ ತಂಡದಲ್ಲಿ ಸಿಂಗಲ್ ಎ ಮಟ್ಟದಲ್ಲಿ (ಅದರ ಮೇಲೆ ಡಬಲ್ ಎ, ಅದಕ್ಕೂ ಮೇಲೆ ಟ್ರಿಪಲ್ ಎ) ಐಸ್ ಹಾಕಿ ಆಡುತ್ತಾನೆ, ಡಿಫೆನ್ಸ್. 2026–27ರ ಸೀಸನ್‌ಗೆ ಮನೆ ವಿಳಾಸ ನೋಡುವುದಿಲ್ಲ, ಯಾವ ಕ್ಲಬ್ಬಿನ ಟ್ರೈಔಟ್‌ಗೆ, ಅಂದರೆ ತಂಡದ ಆಯ್ಕೆ ಸುತ್ತಿಗೆ, ಬೇಕಾದರೂ ಹೋಗಬಹುದು ಎಂದು ಮಾತಾಡಿಕೊಳ್ಳುತ್ತಿದ್ದಾರೆ. ಮಿಸಿಸಾಗಾ, ವಾನ್, ಟೊರೊಂಟೊ ಸೇರಿ ಐದು ಕಡೆ ಹೆಸರು ಕೊಡೋಣ ಅನ್ನುತ್ತಾರೆ ನಮ್ಮ ಯಜಮಾನರು. ಒಂದು ವೇಳೆ ವಿಳಾಸ ಕೇಳಿದರೆ ಮಿಸಿಸಾಗಾದಲ್ಲಿರುವ ನನ್ನ ತಂಗಿ ಮನೆಯದನ್ನು ಕೊಡಬಹುದೇ? ಈಗಿನ ಕೋಚ್‌ಗೆ ಹೇಳಬೇಕೇ? ಏಳು ವರ್ಷದ ಮಗಳೂ ಆಡುತ್ತಾಳೆ, ಅವಳನ್ನೂ ಕರೆದುಕೊಂಡು ಹೋಗಬೇಕೇ?

ಉತ್ತರ: ತಂಗಿಯ ವಿಳಾಸ ಬೇಡವೇ ಬೇಡ. ಹದಿನೆಂಟು ತುಂಬದ ಆಟಗಾರನ ವಾಸಸ್ಥಳ ಎಂದರೆ ತಂದೆತಾಯಿ ನಿಜವಾಗಿ ವಾಸವಿರುವ ಮನೆ, ದೇಶದ ಹಾಕಿ ಸಂಸ್ಥೆಯಾದ ಹಾಕಿ ಕೆನಡಾದ ಲೆಕ್ಕ ಅದೇ. ಚಿಕ್ಕಮ್ಮನ ಮನೆ, ಬಾಡಿಗೆಗೆ ಹಿಡಿದು ಬೀಗ ಹಾಕಿಟ್ಟ ಕಾಂಡೊ, ಇವು ಅದರಲ್ಲಿ ಬರುವುದಿಲ್ಲ. ವಿಳಾಸದ ತಡೆ ನಿಜವಾಗಿಯೂ ಹೋಗಿದ್ದರೆ ನಿಮಗೆ ಆ ವಿಳಾಸದ ಅಗತ್ಯವೇ ಇಲ್ಲ. ಹೋಗಿಲ್ಲದಿದ್ದರೆ ನೀವು ಕೊಡುತ್ತಿರುವುದು ಸುಳ್ಳು ದಾಖಲೆ. ಅದು ಹೊರಬೀಳುವುದು ಬಹುತೇಕ ಸೀಸನ್ ನಡುವೆ, ಎದುರಾಳಿ ತಂಡ ದೂರು ಕೊಟ್ಟಾಗ. ಆಗ ಹುಡುಗ ಅಮಾನತಾಗುತ್ತಾನೆ, ಅವನು ಆಡಿದ ಪಂದ್ಯಗಳನ್ನು ತಂಡ ಕಳೆದುಕೊಳ್ಳುವ ಸಾಧ್ಯತೆಯಿದೆ, ಮ್ಯಾನೇಜರ್ ಕೂಡ ವಿಚಾರಣೆಗೆ ಹೋಗಬೇಕಾಗುತ್ತದೆ. ಹನ್ನೊಂದು ವರ್ಷದ ಹುಡುಗನಿಗೆ ಡ್ರೆಸಿಂಗ್ ರೂಮಿನಲ್ಲಿ ಇದರ ಹೆಸರು ಅಂಟಿಕೊಂಡರೆ ಬಿಡುವುದಿಲ್ಲ.

ಇನ್ನು ಯಾವ ಗಡಿ ತೆರೆದಿದೆ ಎನ್ನುವ ವಿಚಾರ. ಒಂಟಾರಿಯೊದಲ್ಲಿ ಮಕ್ಕಳ ಹಾಕಿಗೆ ಒಬ್ಬನೇ ಯಜಮಾನನಿಲ್ಲ. ಒಟ್ಟಾವಾ ಸೀಮೆಗೆ ಹಾಕಿ ಈಸ್ಟರ್ನ್ ಒಂಟಾರಿಯೊ, ಥಂಡರ್ ಬೇ ಕಡೆಗೆ ಹಾಕಿ ನಾರ್ತ್‌ವೆಸ್ಟರ್ನ್ ಒಂಟಾರಿಯೊ, ಉಳಿದ ಬಹುಭಾಗಕ್ಕೆ ಒಂಟಾರಿಯೊ ಹಾಕಿ ಫೆಡರೇಶನ್. ಈ ಫೆಡರೇಶನ್ನಿನ ಕೆಳಗೆ ಮತ್ತೆ ಜಿಟಿಎಚ್‌ಎಲ್ (ಗ್ರೇಟರ್ ಟೊರೊಂಟೊ ಹಾಕಿ ಲೀಗ್), ಓಎಂಎಚ್‌ಎ (ಒಂಟಾರಿಯೊ ಮೈನರ್ ಹಾಕಿ ಅಸೋಸಿಯೇಶನ್), ಅಲಯನ್ಸ್, ನೋಹಾ (ನಾರ್ದರ್ನ್ ಒಂಟಾರಿಯೊ ಹಾಕಿ ಅಸೋಸಿಯೇಶನ್) ಎಂದು ಬೇರೆ ಬೇರೆ ಸಂಸ್ಥೆಗಳಿವೆ. 1911ರಲ್ಲಿ ಶುರುವಾದ ಜಿಟಿಎಚ್‌ಎಲ್ ವ್ಯಾಪ್ತಿ ಟೊರೊಂಟೊ, ಮಿಸಿಸಾಗಾ, ವಾನ್, ಮಾರ್ಕಮ್. ಈ ವ್ಯಾಪ್ತಿಯೊಳಗೆ ಬಹಳ ಹಿಂದಿನಿಂದಲೂ ಆಯ್ಕೆ ಮುಕ್ತ: ಟೊರೊಂಟೊದ ಎಟೊಬಿಕೋಕ್‌ನ ಮಗು ಮಾರ್ಕಮ್‌ನ ಕ್ಲಬ್ಬಿಗೆ ಆಡಿದರೆ ಯಾರೂ ಹುಬ್ಬೇರಿಸುವುದಿಲ್ಲ. ನೀವಿರುವ ಬ್ರಾಂಪ್ಟನ್ ಮಾತ್ರ ಓಎಂಎಚ್‌ಎಗೆ ಸೇರಿದ್ದು. ಅಲ್ಲಿ ಬೆಳೆದುಬಂದ ಕ್ರಮವೇ ಬೇರೆ: ಮನೆ ಯಾವ ಊರಿನಲ್ಲೋ ಆ ಊರಿನ ಸಂಘವೇ ಮಗುವಿನ ತವರು ಸಂಘ, ಟ್ರಿಪಲ್ ಎ ಮಟ್ಟಕ್ಕೆ ಹಲವು ಊರು ಸೇರಿದ ವಲಯ, ಬೇರೆಡೆ ಟ್ರೈಔಟ್‌ಗೆ ಇಳಿಯಬೇಕಾದರೆ ತವರು ಸಂಘದ ಅನುಮತಿ ಪತ್ರ. ಅದನ್ನು ಪರ್ಮಿಶನ್ ಟು ಸ್ಕೇಟ್ ಎನ್ನುತ್ತಾರೆ. 407 ಹೆದ್ದಾರಿಯ ಆಸುಪಾಸಿನಲ್ಲಿ ಹಾದುಹೋಗುವ ನಗರದ ಗೆರೆ ದಾಟಿದರೆ ನೀವು ಇನ್ನೊಂದು ಸಂಸ್ಥೆಯ ಅಂಗಳದಲ್ಲಿರುತ್ತೀರಿ.

ಊರಿನ ಗೆರೆ ಎಳೆದವರಿಗೆ ಮಕ್ಕಳ ಮೇಲೆ ಹಗೆಯೇನೂ ಇರಲಿಲ್ಲ. ಸಣ್ಣ ಊರಿನ ಸಂಘದಲ್ಲಿ ಒಂದು ವಯಸ್ಸಿಗೆ ಇಪ್ಪತ್ತೋ ಮೂವತ್ತೋ ಮಕ್ಕಳಿರುತ್ತಾರೆ. ಅವರಲ್ಲಿ ನಾಲ್ಕು ಒಳ್ಳೆಯವರು ಪಕ್ಕದ ದೊಡ್ಡ ಊರಿಗೆ ಹೊರಟರೆ ಉಳಿದವರಿಗೆ ತಂಡ ಕಟ್ಟುವುದೇ ಕಷ್ಟ, ಗೋಲಿ ಹೋದನೆಂದರೆ ತಂಡವೇ ಇಲ್ಲ. ಗೆರೆ ಅಳಿಸಿದಾಗ ನಿಮ್ಮ ಮಗನಿಗೆ ಹೊರಗೆ ಹೋಗುವ ಬಾಗಿಲು ತೆರೆಯುವ ಹಾಗೆಯೇ, ಅವನು ಈಗ ಕೂತಿರುವ ಜಾಗಕ್ಕೆ ಹೊರಗಿನವರು ಬರುವ ಬಾಗಿಲೂ ತೆರೆಯುತ್ತದೆ. ಈ ಎರಡನೆಯದನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಆದ್ದರಿಂದ ಅರೇನಾದ ಕಾಫಿ ಕೌಂಟರ್ ಮುಂದೆ ಕೇಳಿದ್ದನ್ನು ನಂಬಿ ಹೊರಡಬೇಡಿ. ನಿಮ್ಮ ತವರು ಸಂಘದ ರಿಜಿಸ್ಟ್ರಾರ್‌ಗೆ, ಹೋಗಬೇಕೆಂದಿರುವ ಕ್ಲಬ್ಬಿನ ಕಚೇರಿಗೆ, ಇಬ್ಬರಿಗೂ ಇಮೇಲ್ ಬರೆಯಿರಿ. ಫೋನ್ ಬೇಡ, ಉತ್ತರ ಕೈಯಲ್ಲಿರಬೇಕು. ಕೇಳಬೇಕಾದ್ದು ಇಷ್ಟು. 2026–27ಕ್ಕೆ ಯು12ರಲ್ಲಿ (ಹನ್ನೆರಡರ ಒಳಗಿನವರ ವಿಭಾಗ), ನಾವು ಪ್ರಯತ್ನಿಸುವ ಮಟ್ಟದಲ್ಲಿ, ವಿಳಾಸದ ಮಿತಿ ಇದೆಯೇ? ಟ್ರಿಪಲ್ ಎಗೆ ಒಂದು ನಿಯಮ, ಕೆಳಗಿನ ಮಟ್ಟಕ್ಕೆ ಇನ್ನೊಂದು ಇರಬಹುದು. ಹೊರಗಿನಿಂದ ಬರುವ ಆಟಗಾರರು ಒಂದು ತಂಡಕ್ಕೆ ಇಂತಿಷ್ಟೇ ಎಂಬ ಮಿತಿಯಿದೆಯೇ? ಟ್ರೈಔಟ್‌ಗೆ ಐಸ್ ಮೇಲೆ ಇಳಿಯಲು ಅನುಮತಿ ಪತ್ರ ಬೇಕೇ, ಸಹಿ ಹಾಕುವಾಗ ರಿಲೀಸ್ ಬೇಕೇ? ಆಯ್ಕೆಯಾಗದೆ ವಾಪಸ್ ಬಂದರೆ ತವರು ಸಂಘದಲ್ಲಿ ಜಾಗ ಎಲ್ಲಿಯವರೆಗೆ ಇರುತ್ತದೆ? ಒಂದು ವರ್ಷ ಹೊರಗೆ ಆಡಿ ಮರುವರ್ಷ ಹಿಂದಿರುಗುವುದಾದರೆ ಷರತ್ತೇನು? ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಹೊಸ ಕ್ಲಬ್ ಹಿಡಿಸದಿದ್ದಾಗ ಮುಖ್ಯವಾಗುವುದು ಅದೇ.

ಅನುಮತಿ ಪತ್ರವೇ ಬೇರೆ, ರಿಲೀಸೇ ಬೇರೆ. ಅನುಮತಿ ಪತ್ರದಿಂದ ಮಗು ಇನ್ನೊಂದು ಕಡೆ ಟ್ರೈಔಟ್‌ನಲ್ಲಿ ಸ್ಕೇಟ್ ಮಾಡಬಹುದು, ಅಷ್ಟೆ. ರಿಲೀಸ್ ಸಿಕ್ಕ ಮೇಲೆ ಮಾತ್ರ ಹಳೆಯ ಸಂಘದ ಹಕ್ಕು ಕೊನೆಗೊಳ್ಳುತ್ತದೆ. ಪತ್ರ ಬೇಕಿರುವ ಕಡೆ ಅದಿಲ್ಲದೆ ಮಗುವನ್ನು ಐಸ್‌ಗೆ ಇಳಿಸಿದ ಕೋಚ್‌ಗೆ ಶಿಕ್ಷೆಯಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ವಿಮೆ: ಹಾಕಿ ಕೆನಡಾದ ವಿಮೆ ನೋಂದಾಯಿತ ಆಟಗಾರರಿಗೆ, ಮಾನ್ಯತೆ ಪಡೆದ ಕಾರ್ಯಕ್ರಮಗಳಲ್ಲಿ ಮಾತ್ರ. ಹೆಸರಿಲ್ಲದೆ ಐಸ್ ಮೇಲಿದ್ದ ಮಗುವಿಗೆ ಪೆಟ್ಟಾದರೆ ಅದರ ಆಸರೆ ಸಿಗದೆ ಹೋಗಬಹುದು.

ಈಗ ಯಜಮಾನರ ಐದು ಕ್ಲಬ್ಬುಗಳ ಯೋಜನೆಗೆ ಬರೋಣ. ಇಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ: ಐದು ಜಾಸ್ತಿ, ಅದೂ ಒಂದೇ ಮಟ್ಟದಲ್ಲಿ ಐದು ವ್ಯರ್ಥ. ತಂಡವೊಂದರಲ್ಲಿ ಸಾಮಾನ್ಯವಾಗಿ 17 ಮಕ್ಕಳು: 9 ಫಾರ್ವರ್ಡ್, 6 ಡಿಫೆನ್ಸ್, 2 ಗೋಲಿ. ಗೆದ್ದುಕೊಂಡು ಬಂದ ತಂಡವಾದರೆ ಕೋಚ್ ಹಳೆಯವರಲ್ಲಿ ಬಹುಪಾಲು ಜನರನ್ನು ಉಳಿಸಿಕೊಳ್ಳುತ್ತಾನೆ. ಆರು ಡಿಫೆನ್ಸ್‌ನಲ್ಲಿ ಐವರು ಮರಳಿ ಬರುತ್ತಿದ್ದರೆ ನಿಮ್ಮ ಮಗ ಪೈಪೋಟಿ ನಡೆಸುತ್ತಿರುವುದು ಒಂದೇ ಜಾಗಕ್ಕೆ, ಟ್ರೈಔಟ್‌ಗೆ ಐವತ್ತು ಮಕ್ಕಳು ಬರಲಿ ಎಂಬತ್ತು ಬರಲಿ. ಆ ಒಂದು ಜಾಗದ ಬಗ್ಗೆಯೂ ಯಾರೊಂದಿಗೋ ಬಾಯಿಮಾತು ಆಗಿರುವ ಸಂಭವವಿದೆ. ನಿಯಮ ಪುಸ್ತಕ ಅದನ್ನು ಒಪ್ಪುವುದಿಲ್ಲ, ಆದರೂ ನಡೆಯುತ್ತದೆ.

ಹಾಗಾಗಿ ಕ್ಲಬ್ ಹುಡುಕುವಾಗ ಅದರ ಹೆಸರಿಗಿಂತ ಅಲ್ಲಿ ಜಾಗ ಎಲ್ಲಿ ಖಾಲಿಯಾಗುತ್ತಿದೆ ಎಂದು ನೋಡಿ. ಕೋಚ್ ಬದಲಾದ ತಂಡ, ಹೋದ ಸೀಸನ್‌ನಲ್ಲಿ ಪಟ್ಟಿಯ ಕೆಳಗಿದ್ದ ತಂಡ, ಡಿಫೆನ್ಸ್‌ನವರು ಮೇಲಿನ ಮಟ್ಟಕ್ಕೆ ಹೊರಟಿರುವ ತಂಡ, ಇಂಥ ಕಡೆ ಹೊಸಬರಿಗೆ ನಿಜವಾದ ಅವಕಾಶವಿರುತ್ತದೆ. ಕ್ಲಬ್ ಕಚೇರಿಗೆ ನೇರವಾಗಿ ಕೇಳಬಹುದು: ಯು12ಕ್ಕೆ ಕೋಚ್ ಯಾರು, ಎಷ್ಟು ಜನ ಮರಳುವ ನಿರೀಕ್ಷೆಯಿದೆ. ಆದರೆ ಸೀಸನ್ ಮುಗಿಯುವ ಮೊದಲು ಬೇರೆ ತಂಡದ ಕೋಚ್‌ಗೆ ಮೆಸೇಜ್ ಹಾಕಿ ಮಗನ ಜಾಗದ ಮಾತಾಡಬೇಡಿ, ಅವರ ಪ್ರಾಕ್ಟೀಸ್‌ಗೆ ಕರೆದರೂ ಕಳಿಸಬೇಡಿ. ಇನ್ನೊಂದು ತಂಡದಲ್ಲಿ ನೋಂದಾಯಿತನಾದ ಆಟಗಾರನನ್ನು ಸೆಳೆಯುವುದಕ್ಕೆ ಟ್ಯಾಂಪರಿಂಗ್ ಎನ್ನುತ್ತಾರೆ. ವಿಳಾಸದ ನಿಯಮ ಸಡಿಲವಾದರೂ ಇದು ಸಡಿಲವಾಗುವುದಿಲ್ಲ.

ಮಟ್ಟದ ವಿಚಾರ. ಸಿಂಗಲ್ ಎ ಆಡುತ್ತಿರುವ ಹುಡುಗ ಒಂದೇ ವಸಂತದಲ್ಲಿ ಟ್ರಿಪಲ್ ಎಗೆ ಜಿಗಿಯುವುದು ಅಪರೂಪ. ಡಬಲ್ ಎ ಮಟ್ಟದಲ್ಲಿ ಎರಡು ಕ್ಲಬ್, ಜೊತೆಗೆ ಬ್ರಾಂಪ್ಟನ್‌ನದೇ ಟ್ರೈಔಟ್, ಇಷ್ಟು ಸಾಕು. ಸಾಮಾನ್ಯವಾಗಿ ಮೇಲಿನ ಮಟ್ಟದ ಟ್ರೈಔಟ್ ಮೊದಲು, ಕೆಳಗಿನದು ನಂತರ. ಟ್ರಿಪಲ್ ಎಯಲ್ಲಿ ಕೈಬಿಟ್ಟ ಮಕ್ಕಳು ಡಬಲ್ ಎಗೆ, ಅಲ್ಲಿ ಬಿಟ್ಟವರು ಸಿಂಗಲ್ ಎಗೆ ಇಳಿದುಬರುತ್ತಾರೆ. ಗಡಿ ಮುಕ್ತವಾದಷ್ಟೂ ಹೀಗೆ ಇಳಿದುಬರುವವರ ಸಂಖ್ಯೆ ಹೆಚ್ಚು. ಮೊದಲ ಸ್ಕೇಟ್‌ನಲ್ಲಿ (ಟ್ರೈಔಟ್‌ನ ಒಂದೊಂದು ಸುತ್ತಿಗೂ ಸ್ಕೇಟ್ ಎನ್ನುತ್ತಾರೆ) ಹತ್ತರೊಳಗಿದ್ದ ಹುಡುಗ ಮೂರನೆಯ ಸ್ಕೇಟ್‌ನಲ್ಲಿ ಇಪ್ಪತ್ತಕ್ಕೆ ಸರಿದಿದ್ದರೆ ಅವನ ಆಟ ಕೆಟ್ಟಿತೆಂದಲ್ಲ, ನಡುವೆ ಮೇಲಿನಿಂದ ಹತ್ತು ಜನ ಬಂದಿದ್ದಾರೆ.

ದಿನಾಂಕಗಳು ಒಂದರ ಮೇಲೊಂದು ಬೀಳುತ್ತವೆ, ತೊಂದರೆಯಾಗುವುದು ಅಲ್ಲೇ. ಮಿಸಿಸಾಗಾದ ಕೊನೆಯ ಕಟ್‌ಗಾಗಿ, ಅಂದರೆ ಯಾರನ್ನು ಕೈಬಿಟ್ಟರು ಎಂಬ ಕೊನೆಯ ತೀರ್ಮಾನಕ್ಕಾಗಿ, ಕಾಯುತ್ತಾ ಬ್ರಾಂಪ್ಟನ್‌ನ ಎರಡು ಸ್ಕೇಟ್ ತಪ್ಪಿಸಿದಿರಿ ಅಂದುಕೊಳ್ಳಿ. ಇಲ್ಲಿನ ಕೋಚ್ ನೋಡದ ಹುಡುಗನಿಗೆ ಜಾಗ ಹಿಡಿದಿಡುವುದಿಲ್ಲ. ಒಂದು ಹಾಳೆಯ ಮೇಲೆ ಮೂರೂ ಕಡೆಯ ದಿನ, ಹೊತ್ತು, ಅರೇನಾ ಬರೆದು, ಡಿಕ್ಕಿಯಾಗುವ ಕಡೆ ಯಾವುದಕ್ಕೆ ಹೋಗುವುದು ಎಂದು ಮೊದಲೇ ತೀರ್ಮಾನಿಸಿ. ಎರಡನೆಯ ಸ್ಕೇಟ್ ಆದಮೇಲೂ ಹೊರಗಿನ ಕ್ಲಬ್ಬಿನವರು ನಿಮ್ಮೊಂದಿಗೆ ಮಾತೇ ಆಡಿಲ್ಲವೆಂದರೆ ಸಾಮಾನ್ಯವಾಗಿ ಅದೇ ಉತ್ತರ. ಆಗ ತವರು ಸಂಘದ ಸ್ಕೇಟ್‌ಗೆ ಹೊರಡಿ.

ಆಯ್ಕೆಯಾಯಿತು ಎಂದೇ ಇಟ್ಟುಕೊಳ್ಳೋಣ. ಕೋಚ್ ಪಕ್ಕಕ್ಕೆ ಕರೆದು ಜಾಗವಿದೆ ಅನ್ನುತ್ತಾನೆ, ಅವತ್ತೇ ಅಥವಾ ಮಾರನೆಯ ದಿನವೇ ಉತ್ತರ ಬೇಕು ಎನ್ನುತ್ತಾನೆ, ಸಹಿಯ ಜೊತೆ ಮುಂಗಡ ಕೇಳುತ್ತಾನೆ. ಈ ಗಡಿಬಿಡಿಯಲ್ಲಿ ಯೋಚಿಸಲು ಹೊತ್ತಿರುವುದಿಲ್ಲ, ಆದ್ದರಿಂದ ಯೋಚನೆ ಮೊದಲೇ ಮುಗಿದಿರಬೇಕು. ಕೇಳಿ ಪಡೆಯಬೇಕಾದ ಕಾಗದ ಒಂದೇ: ತಂಡದ ಬಜೆಟ್. ಐಸ್ ಬಾಡಿಗೆ, ಟೂರ್ನಮೆಂಟ್, ಹೊರಗಿನ ಸ್ಕಿಲ್ಸ್ ಕೋಚ್, ಜರ್ಸಿ ಮತ್ತು ಟ್ರ್ಯಾಕ್‌ಸೂಟ್, ಬೇಸಿಗೆ ತರಬೇತಿ ಎಲ್ಲ ಅದರಲ್ಲಿ ಬಿಡಿಬಿಡಿಯಾಗಿ ಇರಬೇಕು. ಮೇಲಿನ ಮಟ್ಟಗಳಲ್ಲಿ ಸೀಸನ್ ಶುಲ್ಕ ಹಲವು ಸಾವಿರ ಡಾಲರ್. ಹೇಳಿದ ಮೊತ್ತದಲ್ಲಿ ಟೂರ್ನಮೆಂಟ್ ಹೋಟೆಲ್ ಖರ್ಚು ಸೇರಿರುವುದಿಲ್ಲ. ಮುಂಗಡ ವಾಪಸ್ ಬರುತ್ತದೆಯೇ, ಯಾವ ಸಂದರ್ಭದಲ್ಲಿ ಬರುವುದಿಲ್ಲ ಎಂಬುದು ಬರಹದಲ್ಲಿರಲಿ.

ಸಹಿಯಾಗಿ, ಹಾಕಿ ಕೆನಡಾದ ರಿಜಿಸ್ಟ್ರಿಯಲ್ಲಿ ಹೆಸರು ಏರಿತೆಂದರೆ ಮಗ ಆ ತಂಡಕ್ಕೆ ಬದ್ಧ. ಮರುವಾರ ಇನ್ನೂ ಒಳ್ಳೆಯ ಕರೆ ಬಂದರೂ ರಿಲೀಸ್ ಇಲ್ಲದೆ ಹೋಗುವಂತಿಲ್ಲ, ರಿಲೀಸ್ ಕೊಡಲೇಬೇಕೆಂಬ ಕಟ್ಟುಪಾಡೂ ಕ್ಲಬ್ಬಿಗಿಲ್ಲ. ಬಾಕಿ ಹಣವಿದ್ದರೆ ಅದು ತೀರುವವರೆಗೆ ಮಾತೇ ಇಲ್ಲ. ಎರಡು ಕಡೆ ಸಹಿ ಹಾಕಿದರೆ ರಿಜಿಸ್ಟ್ರಿಯಲ್ಲಿ ಎದ್ದು ಕಾಣುತ್ತದೆ, ಅದಕ್ಕೂ ಅಮಾನತು. ಹೊರಗಿನ ಕ್ಲಬ್ಬಿನ ಸಹಿ ಆಗುವ ತನಕ ಬ್ರಾಂಪ್ಟನ್‌ಗೆ ‘ನಾವು ಬರುವುದಿಲ್ಲ’ ಎಂದು ಹೇಳಬೇಡಿ, ಸಹಿಯಾದ ದಿನ ಹೇಳದೆ ಇರಬೇಡಿ. ನಿಮಗಾಗಿ ಕಾದಿಟ್ಟ ಜಾಗ ಇನ್ನೊಂದು ಮಗುವಿನದು.

ದೂರದ ಲೆಕ್ಕವನ್ನು ಭಾನುವಾರ ಬೆಳಗ್ಗೆ ಗಾಡಿ ಓಡಿಸಿ ಹಾಕಬೇಡಿ. ಪ್ರಾಕ್ಟೀಸ್ ಇರುವುದು ವಾರದ ದಿನ, ಸಂಜೆ ಐದೂವರೆ ಆರರ ಹೊತ್ತಿಗೆ, 401 ಹೆದ್ದಾರಿಯಲ್ಲಿ ಗಾಡಿಗಳು ತೆವಳುವ ಸಮಯಕ್ಕೆ. ಮಂಗಳವಾರ ಸಂಜೆ ಒಮ್ಮೆ ಆ ಅರೇನಾಕ್ಕೆ ಹೋಗಿ ನೋಡಿ. 407 ಹಿಡಿದರೆ ಹೊತ್ತು ಉಳಿಯುತ್ತದೆ, ಟೋಲ್ ಬೀಳುತ್ತದೆ. ಮೇಲಿನ ಮಟ್ಟದಲ್ಲಿ ಎರಡು ಪ್ರಾಕ್ಟೀಸ್, ಎರಡು ಪಂದ್ಯ ಸೇರಿ ವಾರಕ್ಕೆ ನಾಲ್ಕು ದಿನ ಹಿಡಿಯಿರಿ. ಹೋಗಿಬರಲು ಒಂದೂವರೆ ಗಂಟೆಯಾದರೆ ವಾರಕ್ಕೆ ಆರು ಗಂಟೆ ಕಾರಿನಲ್ಲೇ, ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ, ಹಿಮ ಬಿದ್ದರೂ. ಹಿಂದಿನ ಸೀಟಿನಲ್ಲಿ ಮಗಳೂ ಇರುತ್ತಾಳೆ, ಅವಳ ಊಟ, ಹೋಮ್‌ವರ್ಕ್ ಎರಡೂ ಅಲ್ಲೇ. ಡಬಲ್ ಎ ಹತ್ತಿರದಲ್ಲೇ ಸಿಗುತ್ತಿರುವಾಗ ಅದೇ ಡಬಲ್ ಎಗಾಗಿ ಮಾರ್ಕಮ್‌ವರೆಗೆ ಓಡುವುದರಲ್ಲಿ ನನಗಂತೂ ಅರ್ಥ ಕಾಣುವುದಿಲ್ಲ.

ತಂಡ ಬಿಡದೆಯೂ ಮೇಲಿನ ಮಟ್ಟದ ರುಚಿ ನೋಡಲು ದಾರಿಯಿದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. ಅಫಿಲಿಯೇಟ್ ಆಟಗಾರ, ಅರೇನಾದಲ್ಲಿ ಎಪಿ ಅನ್ನುತ್ತಾರೆ. ಕೆಳಗಿನ ತಂಡದಲ್ಲಿ ನೋಂದಾಯಿಸಿಕೊಂಡೇ ಮೇಲಿನ ತಂಡಕ್ಕೆ ಆಳು ಕಡಿಮೆ ಬಿದ್ದಾಗ ಹೋಗಿ ಆಡಬಹುದು, ಸೀಸನ್‌ನಲ್ಲಿ 10 ಪಂದ್ಯದವರೆಗೆ. ಮೇಲಿನವರ ವೇಗ ಹುಡುಗನಿಗೆ ಗೊತ್ತಾಗುತ್ತದೆ, ಹುಡುಗ ಏನೆಂದು ಆ ಕೋಚ್‌ಗೂ ಗೊತ್ತಾಗುತ್ತದೆ. ಮುಂದಿನ ವಸಂತದಲ್ಲಿ ಅವನು ಐವತ್ತು ಜನರಲ್ಲಿ ಒಬ್ಬನಾಗಿರುವುದಿಲ್ಲ. ಬ್ರಾಂಪ್ಟನ್‌ನಲ್ಲೇ ಉಳಿಯುವುದಾದರೆ ಸೀಸನ್ ಶುರುವಿನಲ್ಲೇ ಕೋಚ್‌ಗೆ ಇದನ್ನು ಕೇಳಿ.

ಈಗಿನ ಕೋಚ್‌ಗೆ ಹೇಳಬೇಕೇ? ಹೇಳಿ, ಆದರೆ ಕೊನೆಯ ಪಂದ್ಯ ಮುಗಿದ ಮೇಲೆ, ಟ್ರೈಔಟ್ ಶುರುವಾಗುವ ಮೊದಲು. ‘ಈ ವರ್ಷಕ್ಕೆ ಧನ್ಯವಾದ. ಡಬಲ್ ಎಗೆ ಎರಡು ಕಡೆ ನೋಡುತ್ತಿದ್ದೇವೆ, ಇಲ್ಲಿನ ಟ್ರೈಔಟ್‌ಗೂ ಬರುತ್ತೇವೆ’ ಅಷ್ಟು ಸಾಕು, ಕಾರಣ ಕೊಡಬೇಕಿಲ್ಲ. ಅನುಮತಿ ಪತ್ರ ಬೇಕಾಗಿದ್ದರೆ ಸಂಘದ ಮೂಲಕ ಅವರಿಗೆ ಹೇಗೂ ತಿಳಿಯುತ್ತದೆ. ಇದಿಲ್ಲದೆಯೂ ಅರೇನಾದಲ್ಲಿ ಯಾವ ಗುಟ್ಟೂ ಎರಡು ದಿನ ನಿಲ್ಲುವುದಿಲ್ಲ.

ಟ್ರೈಔಟ್ ದಿನದ ಬಗ್ಗೆ ಸ್ವಲ್ಪ. ಹೆಸರು ಮುಂಚೆ ಆನ್‌ಲೈನಿನಲ್ಲಿ ಕೊಡಬೇಕು, ಒಂದು ಸ್ಕೇಟ್‌ಗೆ ಇಂತಿಷ್ಟು ಎಂದು ಶುಲ್ಕ. ಫೋಲ್ಡರಿನಲ್ಲಿ ಜನನ ಪ್ರಮಾಣಪತ್ರದ ನಕಲು, ಹಾಕಿ ಕೆನಡಾ ನೋಂದಣಿ ಸಂಖ್ಯೆ, ತಂದೆತಾಯಿಯಲ್ಲೊಬ್ಬರು ರೆಸ್ಪೆಕ್ಟ್ ಇನ್ ಸ್ಪೋರ್ಟ್ ಎಂಬ ಪೋಷಕರ ಆನ್‌ಲೈನ್ ಪಾಠ ಮುಗಿಸಿದ ಪ್ರಮಾಣಪತ್ರದ ಸಂಖ್ಯೆ, ಅನುಮತಿ ಪತ್ರ, ನಿಮ್ಮ ಹೆಸರಿನಲ್ಲಿರುವ ವಿಳಾಸದ ಎರಡು ದಾಖಲೆ ಇಟ್ಟುಕೊಳ್ಳಿ. ವಿದ್ಯುತ್ ಬಿಲ್, ಆಸ್ತಿ ತೆರಿಗೆ ರಸೀದಿ ಅಥವಾ ಬಾಡಿಗೆ ಕರಾರು ಆಗಬಹುದು. ಗಡಿ ಮುಕ್ತವಾದರೂ ವಿಳಾಸ ಕೇಳುತ್ತಾರೆ. ತವರು ಸಂಘ ಯಾವುದೆಂದು ದಾಖಲಾಗಬೇಕಲ್ಲ. ಸ್ಕೇಟ್‌ಗೆ ಸಾಣೆ ಅದೇ ದಿನ ಹಿಡಿಸಬೇಡಿ. ಹೊಸ ಸಾಣೆಯಲ್ಲಿ ಬ್ಲೇಡು ಐಸನ್ನು ಕಚ್ಚಿಕೊಳ್ಳುತ್ತದೆ, ನಿಲ್ಲಲು ಹೋದರೆ ತಡವರಿಸುತ್ತದೆ. ಒಂದೆರಡು ದಿನ ಮೊದಲು ಹಿಡಿಸಿ, ಅವನಿಗೆ ರೂಢಿಯಿರುವ ಹಾಲೋ (ಬ್ಲೇಡಿನ ಅಡಿಯ ತಗ್ಗಿನ ಅಳತೆ) ಅರ್ಧ ಇಂಚೋ, ಎಂಟರಲ್ಲಿ ಐದಂಶ ಇಂಚೋ, ಅದನ್ನೇ ಹೇಳಿ ಹಿಡಿಸಿ. ಹೊಸ ಸ್ಕೇಟ್ ಹಾಕಿಸಿ ಕರೆತರುವುದಂತೂ ಕೂಡದು. ಕುತ್ತಿಗೆ ಪಟ್ಟಿ ಬಿಎನ್‌ಕ್ಯೂ ಮುದ್ರೆಯದು, ಹೆಲ್ಮೆಟ್ ಮತ್ತು ಮುಖದ ಜಾಲರಿ ಸಿಎಸ್‌ಎ ಮುದ್ರೆಯದು, ಎರಡೂ ಸುರಕ್ಷತೆಯ ಮುದ್ರೆಗಳು. ಹೆಲ್ಮೆಟ್ ಮೇಲಿನ ಅಂಟುಚೀಟಿ ಕಿತ್ತುಹೋಗಿದ್ದರೆ ಬಾಗಿಲಲ್ಲೇ ತಡೆಯಬಹುದು.

ಐಸ್ ಮೇಲೆ ಡಿಫೆನ್ಸ್ ಹುಡುಗನಲ್ಲಿ ಅವರು ನೋಡುವುದು ಪಕ್ ಕುಣಿಸುವುದನ್ನಲ್ಲ. ಹಿಮ್ಮುಖವಾಗಿ ಸ್ಕೇಟ್ ಮಾಡುತ್ತಾ ಬರುವಾಗ ಎದುರಾಳಿಗೂ ತನಗೂ ನಡುವಿನ ಅಂತರವನ್ನು ಒಂದು ಸ್ಟಿಕ್ಕಿನಷ್ಟಕ್ಕೆ ಹಿಡಿದಿಡುತ್ತಾನೆಯೇ, ಅವನು ಹೊರಮೈಗೆ ನುಗ್ಗಿದಾಗ ಯಾವ ಕಡೆಗಾದರೂ ತಿರುಗಿ ಮುಮ್ಮುಖವಾಗಿ ಬೆನ್ನಟ್ಟಬಲ್ಲನೇ? ಬಹಳ ಮಕ್ಕಳು ಒಂದು ಕಡೆಗೆ ಮಾತ್ರ ಚೆನ್ನಾಗಿ ತಿರುಗುತ್ತಾರೆ. ಕ್ಲಿಪ್‌ಬೋರ್ಡ್ ಹಿಡಿದವರು ಗುರುತು ಹಾಕಿಕೊಳ್ಳುವುದು ಇದನ್ನೇ. ಮೂಲೆಯಲ್ಲಿ ಪಕ್ ಎತ್ತಿಕೊಳ್ಳುವ ಮೊದಲು ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡುತ್ತಾನೆಯೇ, ಎತ್ತಿಕೊಂಡ ಮೇಲೆ ಮೊದಲ ಪಾಸ್ ಸೀದಾ ಹೋಗುತ್ತದೆಯೇ? ಪಕ್ ಕಳೆದುಕೊಂಡ ಕೂಡಲೇ ಹಿಂದಕ್ಕೆ ಓಡುತ್ತಾನೋ, ಕೈಚೆಲ್ಲಿ ಗ್ಯಾಲರಿಯ ಕಡೆ ನೋಡುತ್ತಾನೋ? ಟ್ರೈಔಟ್‌ಗೆ ಮೂರು ವಾರ ಮೊದಲಿಂದ ಕಷ್ಟದ ಕಡೆಗೆ ತಿರುಗುವುದನ್ನು ಮಾತ್ರ ತಿದ್ದಿಕೊಂಡರೂ ಲಾಭವಿದೆ. ನೀವು ಗಾಜಿನ ಪಕ್ಕ ನಿಂತು ಕೂಗಬೇಡಿ. ಕೋಚ್‌ಗಳು ಪೋಷಕರನ್ನೂ ನೋಡುತ್ತಿರುತ್ತಾರೆ.

ಅಮೆರಿಕದಲ್ಲಿ ಬಂಧುಗಳಿದ್ದರೆ ಅವರ ಸಲಹೆಯನ್ನು ಇಲ್ಲಿಗೆ ಅನ್ವಯಿಸಬೇಡಿ. ಮಿನೆಸೋಟದಲ್ಲಿ ಇಂದಿಗೂ ವಾಸವಿರುವ ಅಥವಾ ಶಾಲೆಗೆ ಹೋಗುವ ಪ್ರದೇಶದ ಸಂಘಕ್ಕೇ ಆಡಬೇಕು, ಬೇರೆಡೆಗೆ ವೇವರ್, ಅಂದರೆ ವಿನಾಯಿತಿ ಪತ್ರ, ಬೇಕು. ಅಷ್ಟು ಬಿಗಿ ಇದ್ದರೂ ಅಲ್ಲಿಂದ ಬರುವ ಆಟಗಾರರಿಗೆ ಕೊರತೆಯಿಲ್ಲ.

ಮಗಳ ಪ್ರಶ್ನೆಗೆ ಉತ್ತರ ಸುಲಭ: ಅವಳಿಗೆ ಇದಾವುದೂ ಬೇಡ. ಇಂಥ ಟ್ರೈಔಟ್ ಶುರುವಾಗುವುದು ಯು10ರಿಂದ. ಅದಕ್ಕಿಂತ ಚಿಕ್ಕವರಿಗೆ ಹೆಚ್ಚಿನ ಆಟವೆಲ್ಲ ಅರ್ಧ ರಿಂಕ್‌ನಲ್ಲೇ. ಮನೆಗೆ ಹತ್ತಿರದ ಸಂಘದಲ್ಲಿ ಹೆಸರು ಬರೆಸಿ. ಮುಂದೆ ಹುಡುಗಿಯರ ತಂಡಕ್ಕೆ ಸೇರುವುದಾದರೆ ಅದನ್ನು ನಡೆಸುವುದು ಒಂಟಾರಿಯೊ ವಿಮೆನ್ಸ್ ಹಾಕಿ ಅಸೋಸಿಯೇಶನ್ ಎಂಬ ಬೇರೆಯೇ ಸಂಸ್ಥೆ. ಆಗ ಮೇಲಿನ ಇಮೇಲ್ ಪ್ರಶ್ನೆಗಳನ್ನು ಅವರಿಗೆ ಹೊಸದಾಗಿ ಕಳಿಸಬೇಕಾಗುತ್ತದೆ.